ಮೇಲಿನ ಆಕ್ಟೇವ್‌ನಲ್ಲಿ ವಿಸಿಒ ಶ್ರುತಿ ಇಳಿಯುತ್ತಿದೆ: ಸ್ಕೇಲ್ ಟ್ರಿಮ್ಮರ್ ತಿರುಗಿಸಬೇಕಾ, ಬೇಡವಾ?

ಬೆಸುಗೆಗಾರ

ಎಲ್ಲರಿಗೂ ನಮಸ್ಕಾರ. 3340 ಚಿಪ್ ಇಟ್ಟು ನಾನೇ ಕಟ್ಟಿದ ಎರಡು ವಿಸಿಒ ಇವೆ (ಸಿಂಥಸೈಜರ್‌ನಲ್ಲಿ ಕೊಟ್ಟ ವೋಲ್ಟೇಜ್‌ಗೆ ತಕ್ಕ ಸ್ವರ ಹುಟ್ಟಿಸುವ ಆಸಿಲೇಟರ್). ಬೋರ್ಡ್ ಒಂದೇ, ಬಿಡಿಭಾಗಗಳೂ ಒಂದೇ. ಕೆಳಗಿನ ಮತ್ತು ನಡುವಿನ ಆಕ್ಟೇವ್‌ಗಳಲ್ಲಿ ಶ್ರುತಿ ಚೆನ್ನಾಗಿ ನಿಲ್ಲುತ್ತದೆ. ಮೇಲೆ ಹೋದಂತೆ ಇಳಿಯುತ್ತದೆ.

0 ವೋಲ್ಟ್‌ಗೆ 55 ಹರ್ಟ್ಸ್ ಇಟ್ಟುಕೊಂಡು ಒಂದೊಂದೇ ವೋಲ್ಟ್ ಏರಿಸಿ (ವೋಲ್ಟ್‌ಗೆ ಒಂದು ಆಕ್ಟೇವ್) ಬರೆದುಕೊಂಡದ್ದು ಇಷ್ಟು. 110 ಹರ್ಟ್ಸ್ ಸರಿ ಇದೆ. 220ರಲ್ಲಿ 1 ಸೆಂಟ್ (ಆಕ್ಟೇವ್‌ನ 1200ರಲ್ಲಿ ಒಂದು ಪಾಲು) ಕಡಿಮೆ. 440ರಲ್ಲಿ 2, 880ರಲ್ಲಿ 3, 1760ರಲ್ಲಿ 6, 3520ರಲ್ಲಿ 13 ಸೆಂಟ್ ಕಡಿಮೆ.

ಸ್ಕೇಲ್ ಟ್ರಿಮ್ಮರ್ (ವೋಲ್ಟ್‌ಗೆ ಸರಿಯಾಗಿ ಒಂದು ಆಕ್ಟೇವ್ ಏರುವಂತೆ ಹೊಂದಿಸುವ ಸಣ್ಣ ತಿರುಪು) ತಿರುಗಿಸಿ ಮೇಲಿನದನ್ನು ಸರಿ ಮಾಡಿದರೆ ನಡುವಿನವು ಏರುತ್ತವೆ. ನಡುವಿನದನ್ನು ಸರಿ ಮಾಡಿದರೆ ಮೇಲಿನದು ಮತ್ತೆ ಕೆಳಗೆ.

ಇನ್ನೊಂದು ವಿಚಿತ್ರ ಇದೆ. ಎರಡೂ ವಿಸಿಒಗಳನ್ನು ವೈ ಕೇಬಲ್ (ಒಂದು ತುದಿ ಎರಡಾಗಿ ಕವಲೊಡೆಯುವುದು) ಹಾಕಿ ಒಂದೇ ಕೀಬೋರ್ಡ್‌ಗೆ ಜೋಡಿಸಿದರೆ ಎರಡೂ ಇನ್ನಷ್ಟು ಇಳಿಯುತ್ತವೆ. ಎರಡನೆಯದನ್ನು ಕಿತ್ತರೆ ಮೊದಲನೆಯದು ತನ್ನ ಜಾಗಕ್ಕೆ ಬರುತ್ತದೆ. ಇದು ಬೋರ್ಡ್ ದೋಷವಾ, ಚಿಪ್ ದೋಷವಾ?

ಸಣ್ಣ ಸ್ಕ್ರೂಡ್ರೈವರ್

ಯಾವುದರಲ್ಲಿ ಅಳೆದಿರಿ? ಫೋನಿನ ಟ್ಯೂನರ್ ಆದರೆ 55 ಹರ್ಟ್ಸ್‌ನಲ್ಲೂ 3520ರಲ್ಲೂ ಅದು ಹೇಳಿದ್ದನ್ನು ಸುಮ್ನೆ ನಂಬಬೇಡಿ. ಸಾ ವೇವ್ (ಗರಗಸದ ಹಲ್ಲಿನಂಥ ಅಲೆ) ಕೊಟ್ಟರೆ ಎಷ್ಟೋ ಆ್ಯಪ್‌ಗಳು ಮೂಲ ಸ್ವರ ಬಿಟ್ಟು ಮೇಲಿನ ಹಾರ್ಮೋನಿಕ್ ಹಿಡಿದುಕೊಳ್ಳುತ್ತವೆ.

ಬೆಸುಗೆಗಾರ

ಟ್ರಯಾಂಗಲ್ ಔಟ್‌ಪುಟ್‌ನಿಂದ ಫ್ರೀಕ್ವೆನ್ಸಿ ಕೌಂಟರ್‌ಗೆ ಕೊಟ್ಟು ಅಳೆದೆ ಸರ್. ಕೌಂಟರ್ ಪೀರಿಯಡ್ ಅಳೆಯುವ ಮೋಡ್‌ನಲ್ಲಿತ್ತು.

ಸಣ್ಣ ಸ್ಕ್ರೂಡ್ರೈವರ್

ಹಾಗಾದರೆ ಸರಿ. ಬೇರೆಯವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಒಂದು ಸೆಕೆಂಡ್ ಕಾಲ ಅಲೆಗಳನ್ನು ಎಣಿಸುವ ಮಾಮೂಲಿ ಕೌಂಟರ್ ಮೋಡ್‌ನಲ್ಲಿ ಒಂದು ಹರ್ಟ್ಸ್ ಆಚೀಚೆ ಆಗುತ್ತದೆ. 3520ರಲ್ಲಿ ಅದು ಅರ್ಧ ಸೆಂಟ್, ಲೆಕ್ಕಕ್ಕಿಲ್ಲ. 55ರಲ್ಲಿ ಅದೇ ಒಂದು ಹರ್ಟ್ಸ್ ಅಂದರೆ 31 ಸೆಂಟ್! ಕೆಳಗಿನ ಸ್ವರಕ್ಕೆ ಯಾವಾಗಲೂ ಪೀರಿಯಡ್ ಅಳೆಯಿರಿ.

ಗರಗಸದಲೆ

ಇದು ಹೈ ಫ್ರೀಕ್ವೆನ್ಸಿ ಎರರ್. ರೀಸೆಟ್ ಟೈಮ್ ಸಮಸ್ಯೆ. ಸಾ ವೇವ್ ಕೊನೆಗೆ ಕೆಪಾಸಿಟರ್ ಖಾಲಿ ಆಗಬೇಕಲ್ಲ, ಅದಕ್ಕೆ ಒಂದು ಮೈಕ್ರೋಸೆಕೆಂಡೋ ಎರಡೋ ಹಿಡಿಯುತ್ತದೆ. ಕೆಳಗಿನ ಸ್ವರಗಳಲ್ಲಿ ಒಂದು ಸುತ್ತು ಅಷ್ಟು ಉದ್ದ ಇರುವುದರಿಂದ ಇದು ಕಾಣುವುದಿಲ್ಲ. 10 ಕಿಲೋಹರ್ಟ್ಸ್‌ನಲ್ಲಿ ಇಡೀ ಸುತ್ತೇ 100 ಮೈಕ್ರೋಸೆಕೆಂಡ್. ಅದಕ್ಕೆ 1 ಮೈಕ್ರೋಸೆಕೆಂಡ್ ಸೇರಿದರೆ ಶೇಕಡ 1 ತಪ್ಪು, ಅಂದರೆ 17 ಸೆಂಟ್ ಇಳಿಕೆ.

ಟೈಮಿಂಗ್ ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿ. ಅದರ ಬೆಲೆಯನ್ನು ಕೆಪಾಸಿಟರ್ ಬೆಲೆಯಿಂದ ಗುಣಿಸಿದರೆ ರೀಸೆಟ್ ಟೈಮ್ ಬರಬೇಕು. 1 ನ್ಯಾನೋಫ್ಯಾರಡ್ ಕೆಪಾಸಿಟರ್, 1 ಮೈಕ್ರೋಸೆಕೆಂಡ್ ರೀಸೆಟ್ ಆದರೆ 1 ಕಿಲೋಓಮ್. ಫ್ರಾಂಕೊ ಕಾಂಪೆನ್ಸೇಷನ್ ಅನ್ನುವುದು ಇದನ್ನೇ.

ಹಳೆಬೋರ್ಡ್

ರೋಗ ಹಿಡಿದದ್ದು ಸರಿ, ಮದ್ದು ಈ ಚಿಪ್‌ಗೆ ಅಲ್ಲ. 3340 ಒಳಗೆ ಇರುವುದು ಟ್ರಯಾಂಗಲ್ ಕೋರ್, ಅಂದರೆ ಮೂಲ ಅಲೆ ಏರಿ ಇಳಿಯುವ ತ್ರಿಕೋನ. ಅದರ ಸಾ ವೇವ್ ಆಮೇಲೆ ಆ ಟ್ರಯಾಂಗಲ್‌ನಿಂದ ಹುಟ್ಟುತ್ತದೆ. ಕೆಪಾಸಿಟರ್ ಒಮ್ಮೆಲೇ ಖಾಲಿ ಆಗುವ ರೀಸೆಟ್ ಅಲ್ಲಿ ಇಲ್ಲ. ಫ್ರಾಂಕೊ ರೆಸಿಸ್ಟರ್ ನೀವೇ ಕಟ್ಟುವ ಸಾ ಕೋರ್‌ಗಳಿಗೆ ಚೆನ್ನಾಗಿ ಹೊಂದುತ್ತದೆ, ಇಲ್ಲಿ ಬೇಡ.

ಆದರೂ ತಪ್ಪಿನ ಆಕಾರ ಮಾತ್ರ ಅದೇ. ಬೆಸುಗೆಗಾರರು ಕೊಟ್ಟ ಲೆಕ್ಕ ನೋಡಿ: 1, 2, 3, 6, 13. ಪ್ರತಿ ಆಕ್ಟೇವ್‌ಗೂ ಹೆಚ್ಚುಕಡಿಮೆ ದುಪ್ಪಟ್ಟು. ಟ್ರಿಮ್ಮರ್ ಮುಟ್ಟುವ ಮುಂಚೆ ಈ ಆಕಾರವನ್ನು ಓದಬೇಕು. ನಾನು ಪದೇ ಪದೇ ಹೇಳುವ ಮಾತು ಇದೊಂದೇ. ತಪ್ಪು ಪ್ರತಿ ಆಕ್ಟೇವ್‌ಗೆ ಸಮನಾಗಿ ಕೂಡುತ್ತಾ ಹೋದರೆ, ಅಂದರೆ 3, 6, 9, 12 ಹೀಗೆ, ಅದು ಸ್ಕೇಲ್ ತಪ್ಪು. ದುಪ್ಪಟ್ಟಾಗುತ್ತಾ ಹೋದರೆ ಆವರ್ತನದ ಜೊತೆಗೆ ಬೆಳೆಯುವ ತಪ್ಪು, ಸ್ಕೇಲ್ ಟ್ರಿಮ್ಮರ್‌ಗೆ ಬಗ್ಗುವುದಿಲ್ಲ. ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಸರಿದಿದ್ದರೆ ಅದು ಟ್ರ್ಯಾಕಿಂಗ್ ಅಲ್ಲವೇ ಅಲ್ಲ, ಟ್ಯೂನ್ ನಾಬ್ ಸಾಕು. ಲಯವೇ ಇಲ್ಲದೆ ಒಂದು ಸ್ವರ ಮೇಲೆ, ಒಂದು ಕೆಳಗೆ ಇದ್ದರೆ ವೋಲ್ಟೇಜ್ ಕೊಡುತ್ತಿರುವ ಕಡೆ ನೋಡಿ.

ನಿಮ್ಮಲ್ಲಿ ದುಪ್ಪಟ್ಟಾಗಲು ಎರಡು ಕಾರಣ. ಒಂದು, ಚಿಪ್ ಒಳಗೆ ದಿಕ್ಕು ಬದಲಿಸುವಾಗ ಆಗುವ ತಡ. ಇನ್ನೊಂದು, ಎಕ್ಸ್‌ಪೋ ಕನ್ವರ್ಟರ್ (ಪ್ರತಿ ವೋಲ್ಟ್‌ಗೂ ಕರೆಂಟ್ ದುಪ್ಪಟ್ಟು ಮಾಡುವ ಭಾಗ) ಟ್ರಾನ್ಸಿಸ್ಟರ್‌ನ ಎಮಿಟರ್‌ನಲ್ಲೇ ಇರುವ ಒಂದೆರಡು ಓಮ್ ರೆಸಿಸ್ಟೆನ್ಸ್. ಒಂದೆರಡು ಓಮ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ. ಕೋಣೆಯ ಬಿಸಿಯಲ್ಲಿ ಟ್ರಾನ್ಸಿಸ್ಟರ್ ಕರೆಂಟ್ ದುಪ್ಪಟ್ಟಾಗಲು ಬೇಸ್‌ನಲ್ಲಿ ಸುಮಾರು 18 ಮಿಲಿವೋಲ್ಟ್ ಸಾಕು. ಅಂದರೆ 1 ಸೆಂಟ್ ಎಂದರೆ ಬರೀ 15 ಮೈಕ್ರೋವೋಲ್ಟ್. ಮೇಲಿನ ಸ್ವರಗಳಲ್ಲಿ 100 ಮೈಕ್ರೋಆಂಪ್ ಹರಿದರೆ, 1 ಓಮ್‌ನಲ್ಲಿ 100 ಮೈಕ್ರೋವೋಲ್ಟ್ ಕಳೆದುಹೋಗುತ್ತದೆ. ಅಲ್ಲಿಗೆ ಸುಮಾರು 7 ಸೆಂಟ್ ಹೋಯಿತು.

ಸ್ಕೇಲ್ ಟ್ರಿಮ್ಮರ್‌ನಿಂದ ಇದನ್ನು ಮುಚ್ಚಿದರೆ ಏನಾಗುತ್ತದೆ ಅಂತಲೂ ನೋಡೋಣ. 13 ಸೆಂಟನ್ನು 6 ಆಕ್ಟೇವ್‌ಗೆ ಹಂಚಿದರೆ ಆಕ್ಟೇವ್‌ಗೆ 2 ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. 880ಕ್ಕೆ ಬರುವಷ್ಟರಲ್ಲಿ 5-6 ಸೆಂಟ್ ಏರಿರುತ್ತದೆ. ನೀವು ನೋಡಿದ್ದು ಇದನ್ನೇ.

3340ರ 7ನೇ ಪಿನ್ ಇರುವುದೇ ಈ ಕೆಲಸಕ್ಕೆ. ಆವರ್ತನ ಏರಿದಂತೆ ಏರುವ ಒಂದು ಕರೆಂಟ್ ಅಲ್ಲಿಂದ ಬರುತ್ತದೆ. ಅದರಲ್ಲಿ ಸ್ವಲ್ಪವನ್ನು ಟ್ರಿಮ್ಮರ್ ಮೂಲಕ ಕಂಟ್ರೋಲ್ ಇನ್‌ಪುಟ್‌ಗೆ ವಾಪಸ್ ಕೊಡಬೇಕು. ನಿಮ್ಮ ಬೋರ್ಡ್‌ನಲ್ಲಿ ಎರಡನೇ ಟ್ರಿಮ್ಮರ್ ಇದೆಯಾ ನೋಡಿ. ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಅಂತ ಬರೆದಿರಬಹುದು.

ಬೆಸುಗೆಗಾರ

ಇದೆ ಸರ್! ಎಚ್‌ಎಫ್‌ಟಿ ಅಂತ ಇದೆ. ಅದನ್ನು ಮುಟ್ಟಿಯೇ ಇಲ್ಲ. ಒಂದು ತುದಿಗೆ ಪೂರ್ತಿ ತಿರುಗಿಸಿದ ಹಾಗಿದೆ. ಹಾಗಾದರೆ ಸ್ಕೇಲ್ ಮೊದಲಾ, ಇದು ಮೊದಲಾ?

ಹಳೆಬೋರ್ಡ್

ಎಚ್‌ಎಫ್ ಅನ್ನು ಏನೂ ಪರಿಣಾಮ ಇಲ್ಲದ ತುದಿಯಲ್ಲೇ ಬಿಡಿ. ಸ್ಕೇಲ್ ಅನ್ನು ಕೆಳಗಿನ ಆಕ್ಟೇವ್‌ಗಳಲ್ಲಿ ಮಾತ್ರ ಹೊಂದಿಸಿ, 55ರಿಂದ 440ರವರೆಗೆ. ಅಲ್ಲಿ ಮೇಲಿನ ತಪ್ಪಿನ ನೆರಳು ಬಹಳ ಸಣ್ಣದು. ಆಮೇಲೆ 3520ಕ್ಕೆ ಹೋಗಿ ಎಚ್‌ಎಫ್ ತಿರುಗಿಸಿ ಅದನ್ನು ಎತ್ತಿ. ಮತ್ತೆ ಕೆಳಗೆ ಬಂದು ಸ್ಕೇಲ್ ನೋಡಿ, ಚೂರು ಸರಿದಿರುತ್ತದೆ. ಮತ್ತೊಂದು ಸುತ್ತು. ಅಲ್ಲಿಗೆ ಮುಗಿಯಬೇಕು.

ಬರೀ 55 ಮತ್ತು 110ರ ನಡುವೆ ಸ್ಕೇಲ್ ಹೊಂದಿಸೋಣ ಅಂತ ಆಸೆಯಾಗಬಹುದು, ಅಲ್ಲಿ ಎಚ್‌ಎಫ್ ತಪ್ಪು ಇನ್ನೂ ಕಡಿಮೆ ಅಲ್ವಾ ಅಂತ. ಬೇಡ. ಒಂದೇ ಆಕ್ಟೇವ್‌ನಲ್ಲಿ ಅಳತೆ 1 ಸೆಂಟ್ ತಪ್ಪಿದರೆ ಆರನೇ ಆಕ್ಟೇವ್‌ನಲ್ಲಿ ಅದು 6 ಆಗುತ್ತದೆ. ಮೂರು ಆಕ್ಟೇವ್ ಹಿಡಿದರೆ 2 ಆಗುತ್ತದೆ, ಅಷ್ಟೇ.

ಸಣ್ಣ ಸ್ಕ್ರೂಡ್ರೈವರ್

ಇಲ್ಲಿ ಹೊಸಬರು ಸುಸ್ತಾಗುವ ಜಾಗ ಒಂದಿದೆ. ಸ್ಕೇಲ್ ಟ್ರಿಮ್ಮರ್ ತಿರುಗಿಸಿದರೆ ಕೆಳಗಿನ ಸ್ವರವೂ ಸರಿಯುತ್ತದೆ. ಸಿವಿ (ಕೀಬೋರ್ಡ್ ಕೊಡುವ ಕಂಟ್ರೋಲ್ ವೋಲ್ಟೇಜ್) 0 ವೋಲ್ಟ್ ಇದ್ದರೂ ಸರಿಯುತ್ತದೆ. ಯಾಕೆಂದರೆ ಎಷ್ಟೋ ಬೋರ್ಡ್‌ಗಳಲ್ಲಿ ಕೋರ್ಸ್ ನಾಬ್‌ನ (ಶ್ರುತಿಯನ್ನು ದೊಡ್ಡ ಹೆಜ್ಜೆಯಲ್ಲಿ ಸರಿಸುವ ನಾಬ್) ವೋಲ್ಟೇಜ್ ಕೂಡ ಅದೇ ಟ್ರಿಮ್ಮರ್ ದಾಟಿ ಹೋಗುತ್ತದೆ. ಹಾಗಾಗಿ 440ರ ಸ್ವರವನ್ನೇ ದಿಟ್ಟಿಸುತ್ತಾ ಟ್ರಿಮ್ಮರ್ ತಿರುಗಿಸಿ, ಬಂತು ಅಂದುಕೊಂಡು ಕೆಳಗೆ ಹೋದರೆ ಅಲ್ಲಿ ಎಲ್ಲವೂ ಬದಲಾಗಿರುತ್ತದೆ.

ಸುಲಭ ದಾರಿ: ಪ್ರತಿ ಸಲ ಕೋರ್ಸ್ ನಾಬ್‌ನಿಂದ ಕೆಳಗಿನದನ್ನು ಮತ್ತೆ 55ಕ್ಕೆ ತರುವ ಗೋಜಿಗೇ ಹೋಗಬೇಡಿ. ಅನುಪಾತ ನೋಡಿ. ಮೂರು ಆಕ್ಟೇವ್ ಅಂದರೆ 8 ಪಟ್ಟು. ಕೆಳಗಿನದು ಸರಿದು 56.1 ಆಗಿದ್ದರೆ ಮೇಲಿನದು 448.8 ಇರಬೇಕು. ಅಷ್ಟೇ. ಅನುಪಾತ 8 ಆದ ಮೇಲೆ ಕೊನೆಯಲ್ಲಿ ಒಂದೇ ಸಲ ಕೋರ್ಸ್ ನಾಬ್ ಮುಟ್ಟಿದರೆ ಸಾಕು.

ಟ್ರಿಮ್ಮರ್ 25 ಸುತ್ತಿನದು ತಾನೇ? ಒಂದೇ ಸುತ್ತಿನ ಟ್ರಿಮ್ಮರ್ ಇದ್ದರೆ ಮೊದಲು ಅದನ್ನು ಬದಲಿಸಿ. ಅದರಲ್ಲಿ 1 ಸೆಂಟ್ ಹಿಡಿಯುವುದು ಕೈಗೆ ದಂಡನೆ.

ಅಂಕಿಗಾರ

ಎಲ್ಲರೂ ವಿಸಿಒ ಬಗ್ಗೆಯೇ ಹೇಳುತ್ತಿದ್ದೀರಿ. ವೋಲ್ಟೇಜ್ ಎಲ್ಲಿಂದ ಬರುತ್ತಿದೆ? ಕೀಬೋರ್ಡ್ ಕೊಡುವ 1 ವೋಲ್ಟ್ ನಿಜವಾಗಿ 1 ವೋಲ್ಟಾ?

1 ಸೆಂಟ್ ಅಂದರೆ ಸಿವಿಯಲ್ಲಿ 0.83 ಮಿಲಿವೋಲ್ಟ್. 12 ಬಿಟ್ ಡಿಎಸಿ (ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್) 10 ವೋಲ್ಟ್ ವ್ಯಾಪ್ತಿಯನ್ನು 4096 ಮೆಟ್ಟಿಲಾಗಿ ಕತ್ತರಿಸುತ್ತದೆ. ಒಂದು ಮೆಟ್ಟಿಲು 2.44 ಮಿಲಿವೋಲ್ಟ್, ಅಂದರೆ ಸುಮಾರು 3 ಸೆಂಟ್. ಇಂಥ ಮೂಲ ಇಟ್ಟುಕೊಂಡು ವಿಸಿಒದಲ್ಲಿ 1 ಸೆಂಟ್ ಬೆನ್ನಟ್ಟಿದರೆ ಇಡೀ ದಿನ ಹೋಗುತ್ತದೆ. 16 ಬಿಟ್ ಆದರೆ ಮೆಟ್ಟಿಲು 0.2 ಸೆಂಟ್‌ಗಿಂತ ಕಡಿಮೆ, ಚಿಂತೆ ಇಲ್ಲ.

ಇನ್ನು ಮಲ್ಟಿಮೀಟರ್. ಶೇಕಡ 0.5 ನಿಖರತೆಯ ಮೀಟರ್ 5 ವೋಲ್ಟ್‌ನಲ್ಲಿ 25 ಮಿಲಿವೋಲ್ಟ್ ಆಚೀಚೆ ತೋರಿಸಬಹುದು. ಅದು 30 ಸೆಂಟ್. ಅಂಥ ಮೀಟರ್ ನೋಡಿಕೊಂಡು ಕೀಬೋರ್ಡ್ ಒಳಗಿನ ಟ್ರಿಮ್ಮರ್‌ಗೆ ಕೈ ಹಾಕಬೇಡಿ.

ಬೆಸುಗೆಗಾರ

ನನ್ನ ಹತ್ತಿರ ಇರುವುದು ಅಂಥದ್ದೇ ಮೀಟರ್. ಹಾಗಾದರೆ ನಾನು ಕ್ಯಾಲಿಬ್ರೇಟ್ ಮಾಡುವ ಹಾಗೇ ಇಲ್ಲವಾ?

ಹಳೆಬೋರ್ಡ್

ಮಾಡಬಹುದು, ಧಾರಾಳವಾಗಿ. ನಿಮಗೆ ಬೇಕಿರುವುದು ಪ್ರಯೋಗಶಾಲೆಯ 1 ವೋಲ್ಟ್ ಅಲ್ಲ. ನಿಮ್ಮ ಕೀಬೋರ್ಡ್‌ನ ಒಂದು ಆಕ್ಟೇವ್ ನಿಮ್ಮ ವಿಸಿಒದ ಒಂದು ಆಕ್ಟೇವ್ ಆಗಬೇಕು. ಕೀಬೋರ್ಡ್ ಆಕ್ಟೇವ್‌ಗೆ 1.004 ವೋಲ್ಟ್ ಕೊಡುತ್ತಿದ್ದರೂ ಪರವಾಗಿಲ್ಲ, ಎಲ್ಲ ಆಕ್ಟೇವ್‌ಗೂ ಅಷ್ಟೇ ಕೊಡಬೇಕು. ಆ ಕೀಬೋರ್ಡ್‌ನಿಂದಲೇ ಎರಡೂ ವಿಸಿಒ ಹೊಂದಿಸಿದರೆ ಅವು ಒಂದಕ್ಕೊಂದು ಹೊಂದುತ್ತವೆ. ಮುಂದೆ ಬೇರೆ ಸೀಕ್ವೆನ್ಸರ್ (ಸ್ವರಗಳ ಸಾಲನ್ನು ತಾನೇ ನುಡಿಸುವ ಯಂತ್ರ) ಬಂದರೆ ಆ ಸೀಕ್ವೆನ್ಸರನ್ನು ಇವಕ್ಕೆ ಹೊಂದಿಸಿ.

ಅದೇ ಮೀಟರ್‌ನಿಂದ ಆಕ್ಟೇವ್ ಆಕ್ಟೇವ್ ನಡುವಿನ ವ್ಯತ್ಯಾಸ ಮಾತ್ರ ನೋಡಿ. ಮೀಟರ್ ಒಟ್ಟಾರೆ ಹೆಚ್ಚು ತೋರಿಸಿದರೂ ಎಲ್ಲ ಹೆಜ್ಜೆಗೂ ಅದೇ ಪ್ರಮಾಣದಲ್ಲಿ ತೋರಿಸುತ್ತದೆ. ಅಳೆಯುವಾಗ ಒಂದೇ ರೇಂಜ್‌ನಲ್ಲಿಡಿ. ಆಟೋ ರೇಂಜ್ ನಡುವೆ ಬದಲಾದರೆ ಹೋಲಿಕೆ ಕೆಡುತ್ತದೆ.

ಅಂಕಿಗಾರ

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಮೂಲಗಳು ನಾಲ್ಕೈದು ಇರುವವರಿಗೆ ಈ ದಾರಿ ಆಗುವುದಿಲ್ಲ. ಅಂಥವರು ಒಳ್ಳೆ ಮೀಟರ್ ಒಂದು ದಿನಕ್ಕೆ ಯಾರಿಂದಾದರೂ ತಂದು ಎಲ್ಲವನ್ನೂ ನಿಜವಾದ 1 ವೋಲ್ಟ್‌ಗೆ ಹೊಂದಿಸುವುದೇ ಮೇಲು.

ತಂತಿಜಾಲ

ವೈ ಕೇಬಲ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬೋರ್ಡೂ ಅಲ್ಲ, ಚಿಪ್ಪೂ ಅಲ್ಲ. ಕೀಬೋರ್ಡ್‌ನ ಸಿವಿ ಜ್ಯಾಕ್ ಹಿಂದೆ 1 ಕಿಲೋಓಮ್ ರೆಸಿಸ್ಟರ್ ಇದೆ ಅಂತ ಬೇಕಾದರೆ ಪಂಥ ಕಟ್ಟುತ್ತೇನೆ.

ವಿಸಿಒ ಇನ್‌ಪುಟ್ ಸಾಮಾನ್ಯವಾಗಿ 100 ಕಿಲೋಓಮ್. 1 ಕಿಲೋ ಮತ್ತು 100 ಕಿಲೋ ಸೇರಿ ವೋಲ್ಟೇಜ್ ಡಿವೈಡರ್ ಆಯಿತು. 5 ವೋಲ್ಟ್ ಕೊಟ್ಟರೆ ತಲುಪುವುದು 4.95. ಶೇಕಡ 1 ಕಡಿಮೆ, ಆಕ್ಟೇವ್‌ಗೆ 12 ಸೆಂಟ್. ಒಂದೇ ವಿಸಿಒ ಇದ್ದಾಗ ನೀವು ಸ್ಕೇಲ್ ಟ್ರಿಮ್ಮರ್‌ನಿಂದ ಅದನ್ನು ಗೊತ್ತಿಲ್ಲದೆಯೇ ಸರಿದೂಗಿಸಿರುತ್ತೀರಿ. ಎರಡನೆಯದು ಸೇರಿದಾಗ 100 ಕಿಲೋ ಹೋಗಿ 50 ಕಿಲೋ ಆಯಿತು. ಈಗ ತಲುಪುವುದು 4.90. ಐದನೇ ಆಕ್ಟೇವ್‌ನಲ್ಲಿ ಇನ್ನೂ 58 ಸೆಂಟ್ ಹೋಯಿತು, ಅರ್ಧ ಸ್ವರಕ್ಕಿಂತ ಜಾಸ್ತಿ.

ಪರೀಕ್ಷೆ ಸುಲಭ. ಮೇಲಿನ ಕೀ ಒತ್ತಿಹಿಡಿದು, ಒಂದು ವಿಸಿಒ ಇದ್ದಾಗ ಮತ್ತು ಎರಡಿದ್ದಾಗ ಕೇಬಲ್ ತುದಿಯಲ್ಲಿ ವೋಲ್ಟೇಜ್ ನೋಡಿ.

ಗರಗಸದಲೆ

"ಅರ್ಧ ಸ್ವರ" ಅಂದರೆ ಅರ್ಧ ಸೆಮಿಟೋನ್ ಅಂತ ಓದಿಕೊಳ್ಳಿ. 100 ಸೆಂಟ್‌ಗೆ ಒಂದು ಸೆಮಿಟೋನ್.

ತಂತಿಜಾಲ

ಹೌದು, ಹಾಗೆಯೇ.

ಬೆಸುಗೆಗಾರ

ನೋಡಿದೆ. ಒಂದು ಇದ್ದಾಗ 4.95, ಎರಡು ಇದ್ದಾಗ 4.90. ನೀವು ಹೇಳಿದ ಅಂಕಿಯೇ! ಈಗ ಬಫರ್ಡ್ ಮಲ್ಟ್ (ಒಂದು ವೋಲ್ಟೇಜನ್ನು ಇಳಿಸದೆ ಹಲವು ಔಟ್‌ಪುಟ್‌ಗೆ ಹಂಚುವುದು) ಹಾಕಬೇಕಾ?

ತಂತಿಜಾಲ

ಬಫರ್ಡ್ ಮಲ್ಟ್ ಹಾಕಿದರೆ ಮುಗಿಯಿತು. ಆದರೆ ಆ ಬಫರ್ ಔಟ್‌ಪುಟ್‌ನಲ್ಲೂ 1 ಕಿಲೋ ಇದೆಯಾ ಅಂತ ನೋಡಿ. ಇದ್ದರೂ ಒಂದು ಔಟ್‌ಪುಟ್‌ಗೆ ಒಂದೇ ವಿಸಿಒ ಅಂತ ಇಟ್ಟುಕೊಂಡರೆ ಶೇಕಡ 1 ಯಾವಾಗಲೂ ಅಷ್ಟೇ ಇರುತ್ತದೆ, ಸ್ಕೇಲ್ ಟ್ರಿಮ್ಮರ್ ಅದನ್ನು ನುಂಗಿಕೊಳ್ಳುತ್ತದೆ.

ಬೆಸುಗೆ ಹಾಕಲು ಬರುವುದರಿಂದ ಇನ್ನೊಂದು ದಾರಿ: ನೀವೇ ಬಫರ್ ಕಟ್ಟಿ, ಆ 1 ಕಿಲೋವನ್ನು ಆಪ್‌ಆಂಪ್‌ನ (ಬಫರ್‌ನ ವರ್ಧಕ ಚಿಪ್) ಫೀಡ್‌ಬ್ಯಾಕ್ ಲೂಪ್ ಒಳಗೆ ತನ್ನಿ. ಫೀಡ್‌ಬ್ಯಾಕ್ ಅನ್ನು ಜ್ಯಾಕ್ ಕಡೆಯಿಂದ ತೆಗೆದುಕೊಂಡರೆ ಆಪ್‌ಆಂಪ್ ಜ್ಯಾಕ್‌ನಲ್ಲಿ ಸರಿಯಾದ ವೋಲ್ಟೇಜ್ ನಿಲ್ಲಿಸುತ್ತದೆ. ಶಾರ್ಟ್ ಆದರೆ ರಕ್ಷಣೆಯೂ ಉಳಿಯುತ್ತದೆ. ಉದ್ದ ಕೇಬಲ್ ಹಾಕಿದಾಗ ಆಪ್‌ಆಂಪ್ ತಾನೇ ಆಸಿಲೇಟ್ ಆಗದಂತೆ, ಅದರ ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಇನ್‌ಪುಟ್‌ಗೆ ಒಂದು ಸಣ್ಣ ಕೆಪಾಸಿಟರ್ ಬೇಕು. ಅದು ಕೆಲಸ ಮಾಡಲು ಫೀಡ್‌ಬ್ಯಾಕ್ ದಾರಿಯಲ್ಲೂ ಒಂದು ರೆಸಿಸ್ಟರ್ ಇರಬೇಕು.

ಮಂದ್ರ

ಒಂದು ಮಾತು ಹೇಳಲಾ? ನಾನು ಬಾಸ್ ಮಾತ್ರ ನುಡಿಸುವವನು. 3520 ಹರ್ಟ್ಸ್‌ನಲ್ಲಿ 13 ಸೆಂಟ್ ಅಂತ ತಲೆ ಕೆಡಿಸಿಕೊಳ್ಳುವುದು ಯಾಕೆ? ನುಡಿಸುವ ಮೂರು ಆಕ್ಟೇವ್ ಸರಿ ಇದ್ದರೆ ಸಾಲದಾ? ಎರಡು ವಿಸಿಒ ಸ್ವಲ್ಪ ಆಚೀಚೆ ಇದ್ದರೇ ಧ್ವನಿ ದಪ್ಪ ಬರುವುದು.

ಹಳೆಬೋರ್ಡ್

ಬಾಸ್‌ಗೆ ಸಾಕು, ಖಂಡಿತ. ಆದರೆ ನೀವು ಬೇಕೆಂದು ಇಟ್ಟ ಡಿಟ್ಯೂನ್ ಬೇರೆ, ಟ್ರ್ಯಾಕಿಂಗ್ ತಪ್ಪು ಬೇರೆ. ಎರಡು ವಿಸಿಒ ನಡುವೆ 2 ಸೆಂಟ್ ಬಿಟ್ಟು ಎರಡೂ ಸರಿಯಾಗಿ ಟ್ರ್ಯಾಕ್ ಆದರೆ 110 ಹರ್ಟ್ಸ್‌ನಲ್ಲಿ ಬೀಟ್ (ಎರಡು ಸ್ವರ ಸೇರಿ ಸದ್ದು ಏರಿಳಿಯುವುದು) ಸುಮಾರು 8 ಸೆಕೆಂಡಿಗೆ ಒಂದು. 880ರಲ್ಲಿ ಸೆಕೆಂಡಿಗೆ ಒಂದು. ಸಮನಾಗಿ ಏರುತ್ತದೆ, ಕಿವಿಗೆ ಹಿತ. ಟ್ರ್ಯಾಕಿಂಗ್ ತಪ್ಪಿದ್ದರೆ ಒಂದು ಕಡೆ ಬೀಟ್ ನಿಂತೇ ಹೋಗುತ್ತದೆ, ಇನ್ನೊಂದು ಕಡೆ ಗಡಗಡ ಅನ್ನುತ್ತದೆ. ಯಾವ ಸ್ವರದಲ್ಲಿ ಏನಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಇನ್ನೊಂದು ವಿಷಯ. ಎಫ್‌ಎಂ (ಒಂದು ಆಸಿಲೇಟರ್‌ನಿಂದ ಇನ್ನೊಂದರ ಆವರ್ತನ ಅಲ್ಲಾಡಿಸುವುದು) ಮಾಡುವಾಗ, ಫಿಲ್ಟರ್ ಕೂಡ ಕೀಬೋರ್ಡ್ ಹಿಂಬಾಲಿಸುವಾಗ ಮೇಲಿನ ಆಕ್ಟೇವ್ ಬೇಕಾಗುತ್ತದೆ. ಅಲ್ಲಿ ಮಾಡ್ಯುಲೇಟರ್ ಇಳಿದರೆ ಸ್ವರದ ಬಣ್ಣವೇ ಕೀ ಕೀಗೂ ಬದಲಾಗುತ್ತದೆ.

ಮಂದ್ರ

ಎಫ್‌ಎಂ ಮಾತು ಒಪ್ಪಿದೆ. ನನ್ನ ಮೂರು ಆಕ್ಟೇವ್ ಬಿಡುವುದಿಲ್ಲ.

ಗರಗಸದಲೆ

ಬೀಟ್ ಮಾತು ಬಂದದ್ದರಿಂದ ಹೇಳುತ್ತೇನೆ. ಕೌಂಟರ್ ಇಲ್ಲದವರು ಕಿವಿಯಲ್ಲೇ ಮಾಡಬಹುದು. ಡಿಜಿಟಲ್ ಕೀಬೋರ್ಡ್‌ನ ಸ್ವರದ ಜೊತೆ ವಿಸಿಒ ನುಡಿಸಿ ಬೀಟ್ ಕೇಳಿ. 1760 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ಒಂದು ಬೀಟ್ ಅಂದರೆ ಹತ್ತಿರ ಹತ್ತಿರ 1 ಸೆಂಟ್. ಟ್ಯೂನರ್‌ಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಕೆಳಗೆ ಮಾತ್ರ ಇದು ಕೈಕೊಡುತ್ತದೆ. 110ರಲ್ಲಿ ಸೆಕೆಂಡಿಗೆ ಒಂದು ಬೀಟ್ ಅಂದರೆ 15 ಸೆಂಟ್‌ಗಿಂತ ಜಾಸ್ತಿ. ಕೆಳಗಿನ ಸ್ವರ ಹೊಂದಿಸುವಾಗ ಅದರ ಮೇಲಿನ ಹಾರ್ಮೋನಿಕ್‌ಗಳ ಬೀಟ್ ಕೇಳಬೇಕು. ಅದಕ್ಕೆ ಸಾ ವೇವ್ ಬೇಕು, ಟ್ರಯಾಂಗಲ್ ಸಾಲದು.

ಸಣ್ಣ ಸ್ಕ್ರೂಡ್ರೈವರ್

ಆದರೆ ನಿಮ್ಮದೇ ಎರಡು ವಿಸಿಒಗಳನ್ನು ಒಂದರ ಮೇಲೊಂದು ಇಟ್ಟು ಬೀಟ್ ಕೇಳುವಾಗ ಜೋಕೆ. ಒಂದೇ ಕೇಸ್‌ನಲ್ಲಿ, ಒಂದೇ ಪವರ್ ಬಸ್‌ನಲ್ಲಿ ಇದ್ದರೆ ಹತ್ತಿರ ಬಂದಾಗ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೀಟ್ ನಿಧಾನ ಆಗುತ್ತಾ ಬಂದು ತಟ್ಟನೆ ನಿಲ್ಲುತ್ತದೆ. ಆಹಾ ಸರಿಹೋಯಿತು ಅನ್ನಿಸುತ್ತದೆ. ಸರಿಹೋಗಿರುವುದಿಲ್ಲ, ಪವರ್ ಲೈನ್‌ನಲ್ಲಿ ಸೋರುವ ಸದ್ದಿಗೆ ಒಂದು ಇನ್ನೊಂದಕ್ಕೆ ಸಿಂಕ್ ಆಗಿರುತ್ತದೆ. ಒಂದನ್ನು ಹೊಂದಿಸುವಾಗ ಇನ್ನೊಂದನ್ನು ದೂರದ ಸ್ವರಕ್ಕೆ ತಿರುಗಿಸಿಡಿ.

ಹಾಗೆಯೇ ಎಫ್‌ಎಂ ಜ್ಯಾಕ್‌ಗಳೆಲ್ಲ ಖಾಲಿ ಇರಲಿ. ಗ್ಲೈಡ್ ಸೊನ್ನೆ. ಪಿಚ್ ಬೆಂಡ್ ವೀಲ್ ನಡುವೆ ನಿಂತಿದೆಯಾ ನೋಡಿ. ಕೀಬೋರ್ಡ್‌ನ ಆಕ್ಟೇವ್ ಸ್ವಿಚ್ ಮುಟ್ಟದೆ ಕೀಗಳಿಂದಲೇ ಮೇಲೆ ಹೋಗಿ. ಹಳೆಯ ಅನಲಾಗ್ ಕೀಬೋರ್ಡ್‌ಗಳಲ್ಲಿ ಆ ಸ್ವಿಚ್‌ಗೇ ಬೇರೆ ತಪ್ಪು ಇರುತ್ತದೆ.

ಹೊಸಬ

ನಡುವೆ ಬಂದದ್ದಕ್ಕೆ ಬೇಸರ ಬೇಡ. ನನ್ನ ಹತ್ತಿರ ಕೋರ್ಗ್ ಎಂಎಸ್-20 ಸಿಂಥ್ ಇದೆ. ಅದಕ್ಕೆ ಬೇರೆಯವರ ಸೀಕ್ವೆನ್ಸರ್ ಕೊಟ್ಟರೆ ಶ್ರುತಿಯೇ ಹಿಡಿಯುವುದಿಲ್ಲ. ಇದೂ ಇದೇ ಸಮಸ್ಯೆಯಾ?

ಹಳೆಬೋರ್ಡ್

ಅಲ್ಲ. 1978ರ ಆ ಯಂತ್ರದ ಲೆಕ್ಕವೇ ಬೇರೆ. ಮೂಗ್ ಸಿಂಥ್‌ಗಳ ದಾರಿಯಲ್ಲಿ ಪ್ರತಿ ಆಕ್ಟೇವ್‌ಗೂ 1 ವೋಲ್ಟ್ ಕೂಡುತ್ತದೆ: 1, 2, 3, 4. ಎಂಎಸ್-20 ಹರ್ಟ್ಸ್ ಪರ್ ವೋಲ್ಟ್. ಅಲ್ಲಿ ಪ್ರತಿ ಆಕ್ಟೇವ್‌ಗೂ ವೋಲ್ಟೇಜ್ ದುಪ್ಪಟ್ಟಾಗುತ್ತದೆ: 1, 2, 4, 8. ಸೀಕ್ವೆನ್ಸರ್‌ನಲ್ಲಿ ಆ ಆಯ್ಕೆ ಇದೆಯಾ ನೋಡಿ, ಇಲ್ಲದಿದ್ದರೆ ಪರಿವರ್ತಕ ಬೇಕು.

ಅದರ ಕಷ್ಟವೂ ತಲೆಕೆಳಗು. 5 ಮಿಲಿವೋಲ್ಟ್ ಆಫ್‌ಸೆಟ್ ಇದೆ ಅಂದುಕೊಳ್ಳಿ. 8 ವೋಲ್ಟ್‌ನ ಸ್ವರದಲ್ಲಿ ಅದು 1 ಸೆಂಟ್. 0.25 ವೋಲ್ಟ್‌ನ ಸ್ವರದಲ್ಲಿ 34 ಸೆಂಟ್. ಅಲ್ಲಿ ಕೆಡುವುದು ಕೆಳಗಿನ ಸ್ವರಗಳು. ಬುಕ್ಲಾ ಸಿಂಥ್ ಆದರೆ ಮತ್ತೊಂದು, ಆಕ್ಟೇವ್‌ಗೆ 1.2 ವೋಲ್ಟ್, ಅಂದರೆ ಸೆಮಿಟೋನ್‌ಗೆ ಸರಿಯಾಗಿ 0.1 ವೋಲ್ಟ್. ಅದಕ್ಕೆ 1.2 ಪಟ್ಟು ಗುಣಿಸಿದರೆ ಸಾಕು, ಪರಿವರ್ತಕ ಬೇಡ.

ಇದರ ಬಗ್ಗೆ ಇನ್ನೂ ಕೇಳುವುದಿದ್ದರೆ ಬೇರೆ ಎಳೆ ತೆಗೆಯಿರಿ, ಇಲ್ಲಿ ಬೆಸುಗೆಗಾರರ ಕೆಲಸ ಮುಗಿಯಲಿ.

ಬೆಸುಗೆಗಾರ

ಬಫರ್ ಕಟ್ಟಿದೆ. ಈಗ ಎರಡನೇ ವಿಸಿಒ ಹಾಕಿದರೂ ತೆಗೆದರೂ ವೋಲ್ಟೇಜ್ ಅಲ್ಲಾಡುವುದಿಲ್ಲ. ಸ್ಕೇಲ್ ಹೊಸದಾಗಿ ಹೊಂದಿಸಲು ಕೂತರೆ ಹೊಸ ತಲೆನೋವು. ಬೆಳಗ್ಗೆ ಅನುಪಾತ 8 ಮಾಡಿದ್ದು ಸಂಜೆ ಇರುವುದಿಲ್ಲ. ಬೋರ್ಡ್ ಕೇಸ್‌ನಿಂದ ಹೊರಗೆ ಮೇಜಿನ ಮೇಲಿದೆ, ಫ್ಯಾನ್ ಗಾಳಿ ಬೀಳುತ್ತದೆ. ಅದೇ ಕಾರಣವಾ?

ಗರಗಸದಲೆ

ಫ್ಯಾನ್ ಆರಿಸಿ, ಮೊದಲು.

ಹಳೆಬೋರ್ಡ್

ಗಾಳಿಯೇ ಕಾರಣ ಇರಬಹುದು. ಎಲ್ಲಿಂದ ಅಂತ ಹೇಳುತ್ತೇನೆ.

18 ಮಿಲಿವೋಲ್ಟ್ ಅಂತ ಮೇಲೆ ಬರೆದೆನಲ್ಲ, ಅದು ಬಿಸಿಯ ಜೊತೆ ಬದಲಾಗುತ್ತದೆ. ಒಂದು ಡಿಗ್ರಿಗೆ ಶೇಕಡ 0.33. ಏನೂ ಕಾಂಪೆನ್ಸೇಷನ್ ಇಲ್ಲದ ಎಕ್ಸ್‌ಪೋ ಕನ್ವರ್ಟರ್‌ನಲ್ಲಿ ಅದು ಆಕ್ಟೇವ್‌ಗೆ 4 ಸೆಂಟ್. 5 ಡಿಗ್ರಿ ಬದಲಾದರೆ 4 ಆಕ್ಟೇವ್‌ಗೆ 80 ಸೆಂಟ್. ಇದರ ಹಿಂದೆ ಬಿದ್ದೇ ಹಳಬರು ಅಷ್ಟೊಂದು ಉಪಾಯ ಮಾಡಿದ್ದು. ಟ್ರಾನ್ಸಿಸ್ಟರ್ ಜೋಡಿಗೆ ಟೆಂಪ್ಕೋ ರೆಸಿಸ್ಟರ್ ಅಂಟಿಸಿದರು. ಒಂದು ಡಿಗ್ರಿಗೆ 3300ರಿಂದ 3500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ಏರುವ ರೆಸಿಸ್ಟರ್ ಅದು, ಟ್ರಾನ್ಸಿಸ್ಟರ್ ಕೆಡಿಸಿದ್ದನ್ನು ಇದು ಸರಿದೂಗಿಸುತ್ತದೆ. ಇನ್ನು ಕೆಲವರು ಟ್ರಾನ್ಸಿಸ್ಟರ್‌ಗಳನ್ನೇ ಬಿಸಿ ಮಾಡಿ ಒಂದೇ ಮಟ್ಟದಲ್ಲಿ ನಿಲ್ಲಿಸಿದರು. ಯುಎ726 ಚಿಪ್‌ನಲ್ಲಿ ಜೋಡಿ ಟ್ರಾನ್ಸಿಸ್ಟರ್ ಮತ್ತು ಹೀಟರ್ ಎರಡೂ ಒಂದೇ ತುಂಡು ಸಿಲಿಕಾನ್ ಮೇಲೆ ಇರುತ್ತಿದ್ದವು. ಪ್ರಾಫೆಟ್-5 ಸಿಂಥ್ ಬೇರೆ ದಾರಿ ಹಿಡಿಯಿತು. ಒಳಗಿನ ಮೈಕ್ರೋಪ್ರೊಸೆಸರ್ ಟ್ಯೂನ್ ಬಟನ್ ಒತ್ತಿದಾಗ ಪ್ರತಿ ಆಸಿಲೇಟರ್ ಅಳೆದು ತಪ್ಪನ್ನು ನೆನಪಿಟ್ಟುಕೊಳ್ಳುತ್ತಿತ್ತು.

3340 ಒಳಗೇ ಸ್ಕೇಲ್ ಕಾಂಪೆನ್ಸೇಷನ್ ಇದೆ. ಅದಕ್ಕೇ ಈ ಕರ್ಟಿಸ್ ಚಿಪ್ ಅಷ್ಟು ಬೇಗ ಎಲ್ಲರ ಮನೆಗೆ ಬಂದದ್ದು. ಹಾಗಾಗಿ ನಿಮ್ಮ ಸ್ಕೇಲ್ ಬೆಳಗ್ಗೆಯಿಂದ ಸಂಜೆಗೆ ಬಹಳ ಸರಿಯಬಾರದು. ಎರಡು ಪ್ರಶ್ನೆ. ಅನುಪಾತವೇ ಬದಲಾಯಿತಾ, ಅಥವಾ ಎಲ್ಲ ಸ್ವರವೂ ಒಟ್ಟಿಗೆ ಸರಿಯಿತಾ? 100 ಕಿಲೋ ಇನ್‌ಪುಟ್ ರೆಸಿಸ್ಟರ್ ಮತ್ತು ಟೈಮಿಂಗ್ ಕೆಪಾಸಿಟರ್ ಯಾವ ಜಾತಿಯವು?

ಬೆಸುಗೆಗಾರ

ಅನುಪಾತ ಬಹಳ ಬದಲಾಗಿಲ್ಲ, 7.99 ಹತ್ತಿರ. ಒಟ್ಟಿಗೆ ಸರಿದದ್ದೇ ಜಾಸ್ತಿ. ರೆಸಿಸ್ಟರ್ ಮೆಟಲ್ ಫಿಲ್ಮ್, 100 ಪಿಪಿಎಂ. ಕೆಪಾಸಿಟರ್ ಸಣ್ಣ ಸೆರಾಮಿಕ್, ಎಕ್ಸ್7ಆರ್ ಅಂತ ಇದೆ.

ಹಳೆಬೋರ್ಡ್

ಸಿಕ್ಕಿತು ನೋಡಿ. ಎಕ್ಸ್7ಆರ್ ಅನ್ನು ಪವರ್ ಲೈನ್‌ಗೆ ಇಡಿ, ಟೈಮಿಂಗ್‌ಗೆ ಬೇಡ. ಬಿಸಿಗೂ ವೋಲ್ಟೇಜ್‌ಗೂ ಅದರ ಬೆಲೆ ಬದಲಾಗುತ್ತದೆ. ಸಿ0ಜಿ ಸೆರಾಮಿಕ್ ಅಥವಾ ಪಾಲಿಸ್ಟೈರೀನ್ ಹಾಕಿ. ಒಟ್ಟಿಗೆ ಸರಿಯುವುದು ನಿಲ್ಲುತ್ತದೆ.

7.99 ಅಂದರೆ ಮೂರು ಆಕ್ಟೇವ್‌ಗೆ 2 ಸೆಂಟ್. ಅದು ರೆಸಿಸ್ಟರ್ ಇರಬಹುದು. 100 ಪಿಪಿಎಂ ರೆಸಿಸ್ಟರ್ 10 ಡಿಗ್ರಿಗೆ ಶೇಕಡ 0.1 ಸರಿದರೆ 5 ಆಕ್ಟೇವ್‌ಗೆ 6 ಸೆಂಟ್. 25 ಪಿಪಿಎಂ ಹಾಕಿದರೆ ಕಾಲು ಭಾಗ. ಇನ್‌ಪುಟ್‌ನಲ್ಲೂ ಫೀಡ್‌ಬ್ಯಾಕ್‌ನಲ್ಲೂ ಒಂದೇ ಜಾತಿಯವು ಇದ್ದರೆ ಒಟ್ಟಿಗೆ ಸರಿದು ಅರ್ಧಕ್ಕರ್ಧ ರದ್ದಾಗುವುದೂ ಉಂಟು.

ಕೋರ್ಸ್ ನಾಬ್‌ಗೆ ವೋಲ್ಟೇಜ್ ಎಲ್ಲಿಂದ ಬರುತ್ತದೆ ಅಂತಲೂ ನೋಡಿ. ನೇರ 12 ವೋಲ್ಟ್ ರೈಲ್‌ನಿಂದ ಬಂದರೆ ರೈಲ್ ಅಲ್ಲಾಡಿದಾಗಲೆಲ್ಲ ಶ್ರುತಿ ಅಲ್ಲಾಡುತ್ತದೆ. ಸಣ್ಣ ವೋಲ್ಟೇಜ್ ರೆಫರೆನ್ಸ್ ಒಂದು ಹಾಕಿದರೆ ನೆಮ್ಮದಿ.

ಸಣ್ಣ ಸ್ಕ್ರೂಡ್ರೈವರ್

ಮತ್ತೆ ಹೊಂದಿಸುವಾಗ ಬೋರ್ಡನ್ನು ಕೇಸ್ ಒಳಗೇ ಇಡಿ, ಅಕ್ಕಪಕ್ಕದ ಮಾಡ್ಯೂಲ್‌ಗಳೂ ಆನ್ ಇರಲಿ. ಅರ್ಧ ಗಂಟೆ ಸುಮ್ನೆ ಬಿಡಿ. ಮೇಜಿನ ಮೇಲೆ ತಣ್ಣಗೆ ಹೊಂದಿಸಿ ಬಿಸಿ ಕೇಸ್‌ಗೆ ತುರುಕಿದರೆ ಎಲ್ಲ ಮತ್ತೆ ಮೊದಲಿನಿಂದ. ಬೆರಳು ಚಿಪ್ ಮೇಲೆ ಇಡಬೇಡಿ. ಪ್ಲಾಸ್ಟಿಕ್ ಹಿಡಿಯ, ತೆಳು ತುದಿಯ ಸ್ಕ್ರೂಡ್ರೈವರ್ ಬಳಸಿ. ತಿರುಗಿಸಿದ ಮೇಲೆ ಕೈ ತೆಗೆದು ಸ್ವಲ್ಪ ಹೊತ್ತು ಕಾದು ಓದಿ.

ಬೆಸುಗೆಗಾರ

ಸಿ0ಜಿ ಹಾಕಿದೆ, ಇನ್‌ಪುಟ್‌ಗೆ 25 ಪಿಪಿಎಂ ಹಾಕಿದೆ. ಕೇಸ್ ಒಳಗೆ ಬಿಸಿಯಾಗಲು ಬಿಟ್ಟು ಹಳೆಬೋರ್ಡ್ ಸರ್ ಹೇಳಿದ ಕ್ರಮದಲ್ಲೇ ಮಾಡಿದೆ. ಮೊದಲ ವಿಸಿಒ: 55ರಿಂದ 880ರವರೆಗೆ 1 ಸೆಂಟ್ ಒಳಗೆ. 1760ರಲ್ಲಿ 1 ಸೆಂಟ್ ಮೇಲೆ. 3520ರಲ್ಲಿ 2 ಸೆಂಟ್ ಕೆಳಗೆ. ಎರಡನೆಯದು 3520ರಲ್ಲಿ 4 ಸೆಂಟ್ ಕೆಳಗೆ ನಿಂತಿದೆ, ಎಚ್‌ಎಫ್ ಟ್ರಿಮ್ಮರ್ ತುದಿ ಮುಟ್ಟಿದೆ. ಇನ್ನೂ ಎಳೆಯಬೇಕಾ? ಟ್ರಿಮ್ಮರ್ ಮೇಲೆ ಅಂಟು ಹಾಕಲಾ?

ಹಳೆಬೋರ್ಡ್

ಎರಡನೆಯದರಲ್ಲಿ ಎಚ್‌ಎಫ್ ಟ್ರಿಮ್ಮರ್‌ನಿಂದ ಕಂಟ್ರೋಲ್ ಇನ್‌ಪುಟ್‌ಗೆ ಹೋಗುವ ರೆಸಿಸ್ಟರ್ ಇರುತ್ತದೆ. ಅದನ್ನು ಸ್ವಲ್ಪ ಕಡಿಮೆ ಬೆಲೆಯದಕ್ಕೆ ಬದಲಿಸಿದರೆ ಟ್ರಿಮ್ಮರ್‌ಗೆ ಇನ್ನಷ್ಟು ಜಾಗ ಸಿಗುತ್ತದೆ. ಆಮೇಲೆ ಸ್ಕೇಲ್ ಮತ್ತೆ ನೋಡಲು ಮರೆಯಬೇಡಿ.

ಅಂಟು ಈಗ ಬೇಡ. ಹೊಸ ಬಿಡಿಭಾಗಗಳು, ಬೆಸುಗೆಯ ಬಿಸಿ ತಿಂದಿವೆ. ಒಂದೆರಡು ವಾರ ನುಡಿಸಿ, ಆಮೇಲೆ ಇನ್ನೊಂದು ಸಲ ಅಳೆಯಿರಿ.

ಮಂದ್ರ

4 ಸೆಂಟ್ ಇರುವ ಆ ಎರಡನೆಯದನ್ನು ಬಾಸ್‌ಗೆ ಇಟ್ಟುಕೊಳ್ಳಿ. ರೆಸಿಸ್ಟರ್ ಬದಲಿಸುವುದೇ ಬೇಡ.